ಹೆಸರಿನ ಬಾಲದಲ್ಲಿ ಊರು, ಊರಿನ ಕೈಯಲ್ಲಿ ಸಿನಿಮಾ

ಆಟಿ ತಿಂಗಳೆಂದರೆ ತುಳುನಾಡು ಬಾಗಿಲು ಮುಂದೆ ಮಾಡಿಕೊಂಡು ಕೂರುವ ಹೊತ್ತು. ಮದುವೆ ಇಲ್ಲ, ಕೋಲ ಇಲ್ಲ, ಬಯಲಾಟ ಇಲ್ಲ. ಬಿಡದೆ ಸುರಿಯುವ ಮಳೆ, ಹಗ್ಗದ ಮೇಲೆ ಒಣಗದ ಬಟ್ಟೆ, ಅಡುಗೆಮನೆಯಲ್ಲಿ ಪತ್ರೊಡೆಯ ಪರಿಮಳ. 2025ರ ಆಟಿಯಲ್ಲಿ ಮಾತ್ರ ಮಂಗಳೂರಿನ ಜನ ಆ ಮಳೆಗೇ ಕೊಡೆ ಹಿಡಿದು ಸಿನಿಮಾಕ್ಕೆ ಹೊರಟರು. ಬಿಜೈಯ ಭಾರತ್ ಮಾಲ್, ಪಾಂಡೇಶ್ವರದ ಫಿಜಾ ಮಾಲ್, ಎಲ್ಲೆಲ್ಲೂ ಒದ್ದೆ ಕೊಡೆಗಳ ರಾಶಿ. ಅಜ್ಜಿಯ ಕೈ ಹಿಡಿದುಕೊಂಡ ಮೊಮ್ಮಕ್ಕಳು, ಕೆಲಸ ಮುಗಿಸಿ ನೇರ ಬಂದವರು, ಚಿತ್ರಮಂದಿರದ ಮುಖ ನೋಡಿ ವರ್ಷಗಳೇ ಆದವರು. "ಟಿಕೆಟ್ ಉಂಟಾ ಮಾರಾಯ?" ಎಂದು ಕೇಳಿದವರಿಗೆ "ಎದುರಿನ ಸಾಲಿನದ್ದು ಎರಡು ಉಂಟು, ಆಗಬಹುದಾ?" ಎಂಬ ಉತ್ತರ.

ಆ ಸಿನಿಮಾ 'ಸು ಫ್ರಮ್ ಸೋ'. ಜುಲೈ 25ರಂದು ತೆರೆಗೆ ಬಂತು. ಮೊದಲ ದಿನದ ಗಳಿಕೆ ಒಂದು ಕೋಟಿಗೂ ಕಡಿಮೆ. ಬಾಯಿಂದ ಬಾಯಿಗೆ ಸುದ್ದಿ ಹರಡಿತು, ಆಟಗಳು ಹೆಚ್ಚಿದವು, ಕೆಲವೇ ವಾರಗಳಲ್ಲಿ ಜಗತ್ತಿನಾದ್ಯಂತ ಒಟ್ಟು ಗಳಿಕೆ 100 ಕೋಟಿ ದಾಟಿತೆಂದು ಚಿತ್ರೋದ್ಯಮದ ಲೆಕ್ಕಗಳು ಹೇಳಿದವು. ಊರಿನಲ್ಲಿ ಎಲ್ಲರೂ ಅದನ್ನು "ರಾಜ್ ಬಿ. ಶೆಟ್ಟಿಯ ಪಿಕ್ಚರ್" ಎಂದೇ ಕರೆದರು. ಆದರೆ ಅದರ ನಿರ್ದೇಶಕ ಅವರಲ್ಲ, ಕಥಾನಾಯಕನೂ ಅವರಲ್ಲ. ಒಬ್ಬ ಗುರೂಜಿಯ ಪಾತ್ರದಲ್ಲಿ ಬಂದು ಹೋಗುತ್ತಾರೆ, ಅಷ್ಟೇ. ಹಾಗಿದ್ದೂ ಜನ ಹೇಳಿದ್ದು ತಪ್ಪಲ್ಲ. ಆ ಚಿತ್ರ ಹುಟ್ಟಿದ್ದು ನಟರಾದ ಅವರೇ ಕಟ್ಟಿದ 'ಲೈಟರ್ ಬುದ್ಧ ಫಿಲ್ಮ್ಸ್' ಎಂಬ ಸಂಸ್ಥೆಯಲ್ಲಿ.

ನಟನೊಬ್ಬ ತನ್ನದೇ ನಿರ್ಮಾಣ ಸಂಸ್ಥೆ ಕಟ್ಟುತ್ತಾನೆ ಎಂದರೆ ಏನು? ದುಡ್ಡು ಯಾರದ್ದು, ತೀರ್ಮಾನ ಯಾರದ್ದು, ಲಾಭ ಯಾರಿಗೆ? ಅದು ಬೆಂಗಳೂರಿನಲ್ಲಿ ಅಲ್ಲದೆ ಮಂಗಳೂರಿನಲ್ಲಿ ಬೇರು ಬಿಟ್ಟರೆ ಏನಾಗುತ್ತದೆ?

ನಟನೇ ಯಜಮಾನ

ಈ ವಿಷಯದಲ್ಲಿ ಕರಾವಳಿಗೆ ಬೇರೆಯವರು ಪಾಠ ಹೇಳಿಕೊಡಬೇಕಾಗಿಲ್ಲ. ಇಲ್ಲಿನ ತುಳು ನಾಟಕ ತಂಡಗಳನ್ನು ನೋಡಿ. ಊರಿನ ಸಂಘದ ವಾರ್ಷಿಕೋತ್ಸವಕ್ಕೋ ದೈವಸ್ಥಾನದ ಜಾತ್ರೆಗೋ ಕೊಯ್ಲು ಮುಗಿದ ಗದ್ದೆಯಲ್ಲಿ ಸ್ಟೇಜು ಹಾಕುತ್ತಾರೆ. ಸಂಜೆಗೆ ಲಾರಿಯಲ್ಲಿ ಪರದೆ, ಲೈಟು, ಮೈಕು ಬಂದಿಳಿಯುತ್ತವೆ. ರಾತ್ರಿ ನಾಯಕನ ಪಾತ್ರ ಮಾಡುವವನೇ ಹಗಲು ಸಂಘದವರ ಜತೆ ಫೋನಿನಲ್ಲಿ ಹಣ ಮಾತಾಡಿರುತ್ತಾನೆ. ಕಥೆ ಬರೆದವನೂ ಅವನೇ, ಯಾರಿಗೆ ಯಾವ ಪಾತ್ರ ಎಂದು ಹಂಚಿದವನೂ ಅವನೇ. ನಾಟಕ ಮುಗಿದ ಮೇಲೆ ಮುಖದ ಬಣ್ಣ ಒರೆಸಿಕೊಳ್ಳುತ್ತಲೇ ಒಬ್ಬೊಬ್ಬರಿಗೂ ಅವರವರ ಪಾಲು ಎಣಿಸಿ ಕೊಡುವವನೂ ಅವನೇ.

ತುಳು ಸಿನಿಮಾ ಹುಟ್ಟಿದ್ದು ಇದೇ ಅಂಗಳದಲ್ಲಿ. 1971ರಲ್ಲಿ ಮೊದಲ ತುಳು ಚಿತ್ರ 'ಎನ್ನ ತಂಗಡಿ' ಬಂತು. ಅದೇ ವರ್ಷ 'ದಾರೆದ ಬುಡೆದಿ'ಯನ್ನು ತೆರೆಗೆ ತಂದವರು ರಂಗಭೂಮಿಯ ದೊಡ್ಡ ಹೆಸರು ಕೆ.ಎನ್. ಟೇಲರ್. ಆಮೇಲೆ ದೀರ್ಘಕಾಲ ತುಳು ಚಿತ್ರಗಳು ಬರುತ್ತಿದ್ದದ್ದು ಅಲ್ಲೊಂದು ಇಲ್ಲೊಂದು. 2011ರಲ್ಲಿ ವಿಜಯಕುಮಾರ್ ಕೊಡಿಯಾಲ್‌ಬೈಲ್ ಅವರ ಜನಪ್ರಿಯ ನಾಟಕ 'ಒರಿಯರ್ದೊರಿ ಅಸಲ್' ಸಿನಿಮಾ ಆಯಿತು. ನಾಟಕಕ್ಕೆ ಬಂದ ಜನ ಚಿತ್ರಮಂದಿರಕ್ಕೂ ಬಂದರು. ಅಲ್ಲಿಂದ ತುಳು ಚಿತ್ರಗಳು ಮತ್ತೆ ಸಾಲುಗಟ್ಟಿದವು. 'ಚಾಪರ್ಕ' ನಾಟಕ ತಂಡದ ದೇವದಾಸ್ ಕಾಪಿಕಾಡ್ 'ಬೊಳ್ಳಿ ಮೂವೀಸ್' ಹೆಸರಿನಲ್ಲಿ 'ಬರ್ಸ', 'ಅರೆ ಮರ್ಲೆರ್' ಮುಂತಾದ ಚಿತ್ರ ಮಾಡಿದರು. ಮಂಗಳೂರಿನ 'ನಮ್ಮ ಟಿವಿ'ಯಲ್ಲಿ ಬರುತ್ತಿದ್ದ 'ಬಲೆ ತೆಲಿಪಾಲೆ' ಎಂಬ ಹಾಸ್ಯ ಸ್ಪರ್ಧೆ ಕಲಾವಿದರ ಮುಖಗಳನ್ನು ಮನೆಮನೆಗೆ ಮುಟ್ಟಿಸಿತು. ನಾಟಕ, ಲೋಕಲ್ ಚಾನೆಲ್, ಸಿನಿಮಾ, ಮೂರೂ ಒಂದೇ ಓಣಿಯ ಮನೆಗಳಂತೆ ಇಲ್ಲಿ ಬೆಳೆದವು.

ಇನ್ನೊಂದು ಸಂಗತಿ ಗಮನಿಸಿ. ಕೊಡಿಯಾಲ್‌ಬೈಲ್, ಕಾಪಿಕಾಡ್, ಇವು ಮನೆತನದ ಹೆಸರುಗಳಲ್ಲ, ಮಂಗಳೂರಿನ ಬಡಾವಣೆಗಳು. ನವೀನ್ ಡಿ. ಪಡೀಲ್, ಅರವಿಂದ್ ಬೋಳಾರ್, ಭೋಜರಾಜ್ ವಾಮಂಜೂರು: ನಗರದ ಬಸ್ಸಿನ ಬೋರ್ಡಿನಲ್ಲಿ ಇರುವ ಊರುಗಳೆಲ್ಲ ಈ ಕಲಾವಿದರ ಹೆಸರಿನ ಬಾಲದಲ್ಲಿವೆ. ಕರಾವಳಿಯ ಕಲಾವಿದ ಎಲ್ಲಿಗೆ ಹೋದರೂ ಊರನ್ನು ಜತೆಗೇ ಒಯ್ಯುತ್ತಾನೆ. ಇದನ್ನು ನಾನು ಬರೀ ಅಭ್ಯಾಸಬಲವೆಂದು ತಿಳಿಯುವುದಿಲ್ಲ. ಪ್ರೇಕ್ಷಕನಿಗೆ ಕೊಟ್ಟ ವಿಳಾಸ ಅದು. ನಾಟಕ ಚೆನ್ನಾಗಿಲ್ಲದಿದ್ದರೆ ಎಲ್ಲಿಗೆ ಬಂದು ಕೇಳಬೇಕೆಂದು ಎಲ್ಲರಿಗೂ ಗೊತ್ತು.

ಮೊಟ್ಟೆಯ ಮೇಷ್ಟ್ರು

2017ರ ಜುಲೈನಲ್ಲಿ 'ಒಂದು ಮೊಟ್ಟೆಯ ಕಥೆ' ಬಂತು. ತಲೆಕೂದಲು ಉದುರಿದ, ಮದುವೆಯಾಗದ, ರಾಜ್‌ಕುಮಾರ್ ಅವರನ್ನು ಆರಾಧಿಸುವ ಒಬ್ಬ ಕನ್ನಡ ಉಪನ್ಯಾಸಕ. ಬರೆದು, ನಿರ್ದೇಶಿಸಿ, ಆ ಪಾತ್ರವನ್ನೂ ಮಾಡಿದವರು ರಾಜ್ ಬಿ. ಶೆಟ್ಟಿ. ಆಗ ಅವರಿಗೆ ಸ್ವಂತ ಸಂಸ್ಥೆ ಇರಲಿಲ್ಲ. ಸುಹಾನ್ ಪ್ರಸಾದ್ ಅವರ 'ಮ್ಯಾಂಗೋ ಪಿಕಲ್ ಎಂಟರ್‌ಟೇನ್‌ಮೆಂಟ್' ಬಂಡವಾಳ ಹೂಡಿತು, 'ಲೂಸಿಯಾ' ಖ್ಯಾತಿಯ ಪವನ್ ಕುಮಾರ್ ಬೆನ್ನಿಗೆ ನಿಂತರು.

ಚಿತ್ರದ ನಿಜವಾದ ಸುದ್ದಿ ಮೊಟ್ಟೆಯದ್ದಲ್ಲ, ಮಾತಿನದ್ದು. ಅಲ್ಲಿಯವರೆಗೆ ಕನ್ನಡ ಸಿನಿಮಾದಲ್ಲಿ ಮಂಗಳೂರು ಕನ್ನಡ ಬರುತ್ತಿದ್ದದ್ದು ಹೆಚ್ಚಾಗಿ ನಗಿಸಲು. ಹೋಟೆಲಿನ ಗಲ್ಲಾದಲ್ಲಿ ಕೂತವನೋ ಅಡುಗೆ ಭಟ್ಟನೋ "ಎಂಥದು ಮಾರಾಯ್ರೆ" ಎಂದು ಎಳೆದು ಹೇಳಿದರೆ ಜನ ನಗಬೇಕು, ಅಲ್ಲಿಗೆ ಆ ಭಾಷೆಯ ಕೆಲಸ ಮುಗಿಯಿತು. ನಾಯಕ ಪ್ರೀತಿಸುವಾಗ, ಅಳುವಾಗ, ಅಪ್ಪನೊಡನೆ ಮುನಿಸಿಕೊಳ್ಳುವಾಗ ಬೇರೆಯೇ ಕನ್ನಡ. ಇಲ್ಲಿ ಮೊದಲ ಬಾರಿಗೆ ಅನೇಕರಿಗೆ ಅನ್ನಿಸಿದ್ದು, ನಮ್ಮ ಮನೆಯ ಮಾತಿನಲ್ಲೇ ಒಬ್ಬ ಮನುಷ್ಯ ಪೂರ್ತಿ ಬದುಕಬಲ್ಲ ಎಂದು. ಇದನ್ನು ಬೆಂಗಳೂರಿನ ಕಚೇರಿಯೊಂದರಲ್ಲಿ ಕೂತು ಒಪ್ಪಿಸಲು ಎಷ್ಟು ಕಷ್ಟ ಎಂಬುದು ಕಥೆ ಹೇಳಲು ಹೋದ ಕರಾವಳಿಯ ಪ್ರತಿಯೊಬ್ಬ ಹುಡುಗನಿಗೂ ಗೊತ್ತು. "ಭಾಷೆ ಸ್ವಲ್ಪ ಜನರಲ್ ಮಾಡಿ" ಎಂಬ ಒಂದು ಮಾತಿಗೆ ಎಷ್ಟು ಚಿತ್ರಕಥೆಗಳು ಜೀವ ಬಿಟ್ಟಿವೆಯೋ!

ಸ್ವಂತ ಬ್ಯಾನರ್ ಬೇಕಾಗುವುದು ಇಲ್ಲಿಯೇ. ದುಡ್ಡು ಹಾಕಿದವನ ಕೈಯಲ್ಲಿ ಕೊನೆಯ ಮಾತು ಇರುತ್ತದೆ. ಆ ಕೊನೆಯ ಮಾತು ಮಂಗಳೂರಿನಲ್ಲೇ ಇರಲಿ ಎಂದರೆ ದುಡ್ಡಿನ ಜವಾಬ್ದಾರಿಯನ್ನೂ ಹೊರಬೇಕು.

ಮಂಗಳಾದೇವಿಯ ಮಳೆ

2021ರ ನವೆಂಬರ್ 19ರಂದು 'ಗರುಡ ಗಮನ ವೃಷಭ ವಾಹನ' ಬಿಡುಗಡೆಯಾಯಿತು. ಲೈಟರ್ ಬುದ್ಧ ಫಿಲ್ಮ್ಸ್ ಹೆಸರು ಜನರ ಕಣ್ಣಿಗೆ ಬಿದ್ದದ್ದು ಇದರಿಂದ. ನಿರ್ಮಾಣದಲ್ಲಿ ರವಿ ರೈ ಕಳಸ ಮುಂತಾದವರು ಜತೆಗಿದ್ದರು. ಇನ್ನೊಬ್ಬ ನಟ, ಉಡುಪಿಯ ರಕ್ಷಿತ್ ಶೆಟ್ಟಿ, ತಮ್ಮ 'ಪರಂವಃ ಸ್ಟುಡಿಯೋಸ್' ಮೂಲಕ ಚಿತ್ರವನ್ನು ಅರ್ಪಿಸಿದರು. ಮತ್ತೊಬ್ಬ ನಟ, ಕುಂದಾಪುರ ಕಡೆಯ ಕೆರಾಡಿಯ ರಿಷಬ್ ಶೆಟ್ಟಿ, ಹರಿಯ ಪಾತ್ರ ಮಾಡಿದರು. ಶಿವನ ಪಾತ್ರ ರಾಜ್ ಅವರದ್ದು. ಮೂವರಿಗೂ ಆಗ ಸ್ವಂತ ಸಂಸ್ಥೆಗಳಿದ್ದವು. ಪೈಪೋಟಿಯ ಲೆಕ್ಕದಲ್ಲಿ ನೋಡಿದರೆ ಇದು ಅರ್ಥವಾಗುವುದಿಲ್ಲ. ಒಬ್ಬನ ಗದ್ದೆಯ ನಾಟಿಗೆ ಪಕ್ಕದ ಮನೆಯವರು ಬಂದು, ಮರುವಾರ ಅವರ ಗದ್ದೆಗೆ ಇವನು ಹೋಗುವ ಲೆಕ್ಕದಲ್ಲಿ ನೋಡಿದರೆ ತಟ್ಟನೆ ಅರ್ಥವಾಗುತ್ತದೆ.

ಚಿತ್ರ ನಡೆಯುವುದು ಮಂಗಳಾದೇವಿಯಲ್ಲಿ, ನಗರಕ್ಕೆ ಹೆಸರು ಕೊಟ್ಟ ದೇವಸ್ಥಾನದ ಸುತ್ತಲಿನ ಓಣಿಗಳಲ್ಲಿ. ಅದರ ಒಂದು ದೃಶ್ಯವನ್ನು ಮರೆತವರಿಲ್ಲ. ಕೊಲೆ ಮಾಡಿ ಬಂದ ಶಿವ ಮಳೆಯಲ್ಲಿ ಕುಣಿಯುತ್ತಾನೆ. ಒದ್ದೆ ಮೈ. ಕಾಲು ಮಡಚುವ ಬಗೆ, ಭುಜ ಅದುರಿಸುವ ಬಗೆ, ತಟ್ಟನೆ ತಿರುಗಿ ನೆಲ ನೋಡುವ ಬಗೆ ಪೂರ್ತಿ ಹುಲಿವೇಷದ್ದು. ನವರಾತ್ರಿಯಲ್ಲಿ ತಾಸೆಯ ಪೆಟ್ಟಿಗೆ ಮಂಗಳೂರಿನ ಹುಡುಗರು ಹಾಕುವ ಹೆಜ್ಜೆಗಳವು. ಆದರೆ ಹಿನ್ನೆಲೆಯಲ್ಲಿ ತಾಸೆ ಇಲ್ಲ. ಮಲೆ ಮಹದೇಶ್ವರನ ಸೀಮೆಯ 'ಸೋಜುಗಾದ ಸೂಜುಮಲ್ಲಿಗೆ' ಮೆಲ್ಲಗೆ ಕೇಳುತ್ತದೆ. ಕರಾವಳಿಯ ಮೈಗೆ ಚಾಮರಾಜನಗರದ ದನಿ. ಈ ಎರಡನ್ನು ಒಟ್ಟಿಗೆ ಇಡುವ ಯೋಚನೆಯನ್ನು ಕಾಗದದಲ್ಲಿ ಬರೆದು ಯಾರಿಗಾದರೂ ತೋರಿಸಿದ್ದರೆ ತಲೆ ಅಲ್ಲಾಡಿಸುತ್ತಿದ್ದರು. ತನ್ನದೇ ಬ್ಯಾನರಿನಲ್ಲಿ ಅದನ್ನು ಯಾರಿಗೂ ಒಪ್ಪಿಸಬೇಕಾಗಿಲ್ಲ.

ಛಾಯಾಗ್ರಹಣ, ಸಂಕಲನ ಎರಡೂ ಪ್ರವೀಣ್ ಶ್ರೀಯಾನ್ ಅವರದ್ದು, ಸಂಗೀತ ಮಿಥುನ್ ಮುಕುಂದನ್ ಅವರದ್ದು. 'ಮೊಟ್ಟೆ'ಯಲ್ಲೂ ಇದೇ ಇಬ್ಬರು. ಮೊದಲ ಚಿತ್ರ ಗೆದ್ದ ಕೂಡಲೇ ದೊಡ್ಡ ಹೆಸರುಗಳತ್ತ ಜಿಗಿಯದೆ ಹಳಬರನ್ನೇ ಉಳಿಸಿಕೊಳ್ಳುವುದು ಯಕ್ಷಗಾನ ಮೇಳದ ಗುಣ. ಭಾಗವತನಿಗೂ ವೇಷಧಾರಿಗೂ ಹೊಂದಿಕೆ ಬರುವುದು ಹತ್ತಾರು ತಿರುಗಾಟದ ಮೇಲೆ.

ಒಂದು ಟಿಕೆಟಿನ ಪ್ರಯಾಣ

ಈಗ ದುಡ್ಡಿನ ಮಾತು. ಸಾಮಾನ್ಯ ಸಿನಿಮಾದ ಖರ್ಚಿನಲ್ಲಿ ದೊಡ್ಡ ಗಂಟು ಹೋಗುವುದು ನಾಯಕನ ಸಂಭಾವನೆಗೆ. ನಾಯಕನೇ ನಿರ್ಮಾಪಕನಾದರೆ ಆ ಗಂಟನ್ನು ಮುಂಗಡವಾಗಿ ಎಣಿಸಬೇಕಾಗಿಲ್ಲ, ಚಿತ್ರ ಗೆದ್ದರೆ ಲಾಭದಲ್ಲಿ ಬರುತ್ತದೆ. ಉಳಿದ ಹಣ ಚಿತ್ರೀಕರಣದ ದಿನಗಳಿಗೆ, ಲೈಟಿಗೆ, ಊಟಕ್ಕೆ, ತಂತ್ರಜ್ಞರಿಗೆ ಸಿಗುತ್ತದೆ. ಅದಕ್ಕೇ ನಟನ ಬ್ಯಾನರಿನ ಸಣ್ಣ ಬಜೆಟ್ ಪರದೆಯ ಮೇಲೆ ಸಣ್ಣದಾಗಿ ಕಾಣುವುದಿಲ್ಲ.

ಆಪತ್ತು ಇರುವುದೂ ಅಲ್ಲೇ. ಚಿತ್ರ ಸೋತರೆ ಬೇರೆ ನಿರ್ಮಾಪಕರದ್ದು ಹಣ ಮಾತ್ರ ಹೋಗುತ್ತದೆ, ನಟನೇ ನಿರ್ಮಾಪಕನಾದರೆ ಹಣವೂ ಹೋಗುತ್ತದೆ, ಸಂಬಳವೂ ಇಲ್ಲ. ಎಷ್ಟೋ ನಟರು ಸ್ವಂತ ಬ್ಯಾನರ್ ಮಾಡಿ ಮನೆ ಮಾರಿದ್ದು ಇದೇ ಕಾರಣಕ್ಕೆ. ಹಾಗಾಗಿ ಇಂಥವರು ಒಂದು ಕಾಲನ್ನು ಹೊರಗಿನ ಚಿತ್ರಗಳಲ್ಲಿ ಇಟ್ಟಿರುತ್ತಾರೆ. ರಾಜ್ ಮಮ್ಮುಟ್ಟಿ ಎದುರು ಖಳನಾಗಿ ಮಲಯಾಳದ 'ಟರ್ಬೊ'ದಲ್ಲಿ (2024) ನಟಿಸಿದರು.

"ನೂರು ಕೋಟಿ" ಎಂದ ಕೂಡಲೇ ಅಷ್ಟೂ ನಿರ್ಮಾಪಕನ ಜೇಬಿಗೆ ಬಂತೆಂದು ನಾವು ತಿಳಿಯುತ್ತೇವೆ. ಒಂದು ಟಿಕೆಟನ್ನು ಹಿಂಬಾಲಿಸಿ ನೋಡೋಣ. ನೀವು 236 ರೂಪಾಯಿ ಕೊಟ್ಟಿರಿ ಎನ್ನಿ. 100 ರೂಪಾಯಿಗಿಂತ ಹೆಚ್ಚಿನ ಟಿಕೆಟಿಗೆ ಜಿಎಸ್‌ಟಿ ಶೇ. 18. ಅಂದರೆ 36 ರೂಪಾಯಿ ಸರ್ಕಾರಕ್ಕೆ ಹೋಯಿತು, 200 ಉಳಿಯಿತು. ಮಲ್ಟಿಪ್ಲೆಕ್ಸಿನಲ್ಲಿ ಮೊದಲ ವಾರ ಸಾಮಾನ್ಯವಾಗಿ ಅರ್ಧ ಅವರಿಗೆ: 100 ರೂಪಾಯಿ. ಉಳಿದದ್ದರಲ್ಲಿ ವಿತರಕನ ಕಮಿಷನ್ ಶೇ. 10 ಎಂದಿಟ್ಟುಕೊಂಡರೆ ಇನ್ನೊಂದು 10 ಕಳೆಯಿರಿ. ನಿರ್ಮಾಪಕನಿಗೆ ಮುಟ್ಟಿದ್ದು 90. ಅದರಲ್ಲಿ ಪ್ರಚಾರದ ಸಾಲ ತೀರಬೇಕು, ಚಿತ್ರದ ಅಸಲು ಬರಬೇಕು, ಪಾಲುದಾರರಿಗೆ ಹಂಚಬೇಕು. ವಾರ ಕಳೆದಂತೆ ಚಿತ್ರಮಂದಿರದ ಪಾಲು ಏರುತ್ತದೆ, ಇವನದ್ದು ಇಳಿಯುತ್ತದೆ. ಬಿಡುಗಡೆಯ ಮೊದಲ ಮೂರು ದಿನಕ್ಕೆ ಇಷ್ಟೊಂದು ಗಡಿಬಿಡಿ ಯಾಕೆ ಎಂಬುದಕ್ಕೆ ಇದೇ ಉತ್ತರ.

'ಸು ಫ್ರಮ್ ಸೋ' ಇಲ್ಲಿ ಜಾಣತನ ತೋರಿತು. ಬಿಡುಗಡೆಗೂ ಮೊದಲೇ ಕೆಲವು ಊರುಗಳಲ್ಲಿ ಹಣ ಕೊಟ್ಟು ನೋಡುವ ಪ್ರೀಮಿಯರ್ ಇಟ್ಟಿತು. ಮಂಗಳೂರಿನ ಪ್ರೇಕ್ಷಕ ನಕ್ಕು ಹೊರಬಂದು ಬೆಂಗಳೂರಿನ ಅಣ್ಣನಿಗೆ, ಮುಂಬಯಿಯ ಮಾವನಿಗೆ, ದುಬೈಯ ಅಕ್ಕನಿಗೆ ಫೋನು ಮಾಡಿದ. ಇಂಥ ಪ್ರಚಾರವನ್ನು ಯಾವ ಹೋರ್ಡಿಂಗೂ ಕೊಡಲಾರದು. ಕೇರಳದಲ್ಲಿ ಚಿತ್ರವನ್ನು ಹಂಚಿದ್ದು ದುಲ್ಕರ್ ಸಲ್ಮಾನ್ ಅವರ 'ವೇಫೇರರ್ ಫಿಲ್ಮ್ಸ್', ಅದೂ ನಟನೊಬ್ಬ ಕಟ್ಟಿದ ಸಂಸ್ಥೆಯೇ.

ಶಿರಾಡಿ ಹತ್ತಲೇಬೇಕು

ಇಷ್ಟಾದರೂ ಮಂಗಳೂರಿನ ನಿರ್ಮಾಪಕ ಬೆಂಗಳೂರಿನ ದಾರಿಯ ಶಿರಾಡಿ ಘಾಟಿ ಹತ್ತದೆ ಸಿನಿಮಾ ಮುಗಿಯುವುದಿಲ್ಲ. ಶೀರ್ಷಿಕೆ ನೋಂದಾಯಿಸಲು ಬೆಂಗಳೂರಿನ ವಾಣಿಜ್ಯ ಮಂಡಳಿ, ಪ್ರಮಾಣಪತ್ರಕ್ಕೆ ಬೆಂಗಳೂರಿನ ಸೆನ್ಸಾರ್ ಕಚೇರಿ. ವಿತರಕರು, ಚಾನೆಲ್ಲಿನವರು, ಎಲ್ಲರೂ ಅಲ್ಲೇ. ಮಳೆಗಾಲದಲ್ಲಿ ಶಿರಾಡಿಯಲ್ಲಿ ಗುಡ್ಡ ಜರಿದರೆ ಇಲ್ಲಿನವರಿಗೆ ರಾಜಧಾನಿಯೇ ದೂರ.

ಟಿವಿಯ ಲೆಕ್ಕ ಇನ್ನೂ ಬೇರೆ. ಧಾರಾವಾಹಿ ಮಾಡುವ ಸಂಸ್ಥೆಗೆ ಚಾನೆಲ್ ಕಂತಿಗಿಷ್ಟು ಎಂದು ಹಣ ಕೊಡುತ್ತದೆ. ವಾರಪೂರ್ತಿ ಕಂತು ಒದಗಿಸುತ್ತಲೇ ಇರಬೇಕು. ನಷ್ಟದ ಭಯ ಕಡಿಮೆ, ಆದರೆ ಕಥೆ ಎತ್ತ ಹೋಗಬೇಕೆಂದು ಹೇಳುವುದು ಟಿಆರ್‌ಪಿ. ನಟಿಯಾಗಿ ಬಂದು ನಿರ್ಮಾಪಕಿಯಾದ ಶ್ರುತಿ ನಾಯ್ಡು ಬೆಂಗಳೂರಿನಲ್ಲಿ 'ಬ್ರಹ್ಮಗಂಟು'ವಿನಂಥ ಧಾರಾವಾಹಿಗಳ ಜತೆ 'ಪ್ರೀಮಿಯರ್ ಪದ್ಮಿನಿ' ಸಿನಿಮಾವನ್ನೂ ಮಾಡಿದರು.

ಒಟಿಟಿ ಬಂದಾಗ ವಿತರಕರ, ಚಾನೆಲ್ಲಿನವರ ಬಾಗಿಲು ಕಾಯುವ ಭಾರ ಇಳಿಯಿತೆಂದು ಎಲ್ಲರೂ ನೆಮ್ಮದಿಯ ಉಸಿರು ಬಿಟ್ಟರು. 2020ರ ಲಾಕ್‌ಡೌನ್ ಕಾಲದಲ್ಲಿ ಪುನೀತ್ ರಾಜ್‌ಕುಮಾರ್ ಅವರ ಪಿಆರ್‌ಕೆ ಸಂಸ್ಥೆಯ 'ಲಾ', 'ಫ್ರೆಂಚ್ ಬಿರಿಯಾನಿ' ನೇರವಾಗಿ ಅಮೆಜಾನ್ ಪ್ರೈಮ್‌ಗೆ ಹೋಗಿದ್ದವು. ಆ ಸಂತೋಷ ಹೆಚ್ಚು ದಿನ ಉಳಿಯಲಿಲ್ಲ. ರಕ್ಷಿತ್ ಅವರ ಪರಂವಃ ಕರಾವಳಿಯ ಏಳು ಕಥೆಗಳ 'ಏಕಂ' ಸರಣಿ ಮಾಡಿತು. ಪ್ರಕಾಶ್ ರಾಜ್, ರಾಜ್ ಬಿ. ಶೆಟ್ಟಿ ಇಬ್ಬರೂ ಅದರಲ್ಲಿದ್ದರು. ಕೊಳ್ಳಲು ಯಾವ ದೊಡ್ಡ ಒಟಿಟಿಯೂ ಮುಂದೆ ಬರಲಿಲ್ಲ. ವರ್ಷಗಟ್ಟಲೆ ಕಾದು, 2024ರ ಜುಲೈನಲ್ಲಿ ಅದನ್ನು ತಮ್ಮದೇ ವೆಬ್‌ಸೈಟಿನಲ್ಲಿ ಹಣ ಕೊಟ್ಟು ನೋಡುವಂತೆ ಹಾಕಿದರು. ಬೇಸಾಯ ಮಾಡಿ, ಮಂಡಿಯವನು ಕೊಳ್ಳದಿದ್ದಾಗ ರಸ್ತೆ ಬದಿಗೆ ಬುಟ್ಟಿ ಇಟ್ಟು ಮಾರಿದ ಹಾಗೆ. ಕನ್ನಡದ ಒಳ್ಳೆಯ ಕೆಲಸಕ್ಕೆ ಈ ಗತಿ ಬಂದದ್ದು ನನಗೆ ಇಂದಿಗೂ ನುಂಗಲಾಗದ ಸಂಗತಿ.

ಬೆಳಕು ಬಿಟ್ಟುಕೊಡುವುದು

ನಟನ ಬ್ಯಾನರಿಗೆ ಅಂಟಿದ ದೊಡ್ಡ ರೋಗವೆಂದರೆ ಅದು ಅವನ ಕನ್ನಡಿ ಆಗಿಬಿಡುವುದು. ಪ್ರತಿ ಚಿತ್ರದಲ್ಲೂ ಅವನೇ, ಪ್ರತಿ ಪೋಸ್ಟರಿನಲ್ಲೂ ಅವನೇ. ಲೈಟರ್ ಬುದ್ಧ ಆ ಕಡೆ ವಾಲಬಹುದಿತ್ತು. 2023ರ ಆಗಸ್ಟ್‌ನಲ್ಲಿ ಬಂದ 'ಟೋಬಿ'ಯಲ್ಲಿ ರಾಜ್ ಅವರೇ ಕೇಂದ್ರ. ನಿರ್ದೇಶನ ಬಾಸಿಲ್ ಅಲ್ಚಲಕ್ಕಲ್ ಅವರದ್ದು. ಚಿತ್ರಕ್ಕೆ ಮಿಶ್ರ ಪ್ರತಿಕ್ರಿಯೆ ಬಂತು. ಮೂರೇ ತಿಂಗಳಲ್ಲಿ 'ಸ್ವಾತಿ ಮುತ್ತಿನ ಮಳೆ ಹನಿಯೇ' ಬಂತು. ಸಾವಿನ ಅಂಚಿನಲ್ಲಿರುವವರ ಆರೈಕೆ ಕೇಂದ್ರವೊಂದರ ಮೌನವಾದ ಕಥೆ. ಅದರಲ್ಲಿ ಕಣ್ಣು ನಿಲ್ಲುವುದು ಸಿರಿ ರವಿಕುಮಾರ್ ಮೇಲೆ. ನಟಿ ರಮ್ಯಾ ತಮ್ಮ 'ಆ್ಯಪಲ್ ಬಾಕ್ಸ್ ಸ್ಟುಡಿಯೋಸ್'ನಿಂದ ಲೈಟರ್ ಬುದ್ಧದ ಜತೆ ಸೇರಿ ಮಾಡಿದ ಚಿತ್ರ ಅದು.

'ಸು ಫ್ರಮ್ ಸೋ'ಗೆ ಬಂದಾಗ ಬೆಳಕು ಪೂರ್ತಿ ಬೇರೆಯವರ ಮೇಲೆ ಬಿತ್ತು. ಬರೆದು ನಿರ್ದೇಶಿಸಿ ಅಶೋಕನ ಪಾತ್ರ ಮಾಡಿದ ಜೆ.ಪಿ. ತೂಮಿನಾಡು ಅವರಿಗೆ ಕನ್ನಡದಲ್ಲಿ ಅದು ಮೊದಲ ನಿರ್ದೇಶನ. ರವಿಯಣ್ಣನಾಗಿ ಶನೀಲ್ ಗೌತಮ್, ಭಾನುವಾಗಿ ಸಂಧ್ಯಾ ಅರಕೆರೆ, ಜತೆಗೆ ಪ್ರಕಾಶ್ ತೂಮಿನಾಡು, ದೀಪಕ್ ರೈ ಪಾಣಾಜೆ. ಬೆಂಗಳೂರಿನ ವಿತರಕನಿಗೆ ಇವರಲ್ಲಿ ಎಷ್ಟು ಹೆಸರು ಗೊತ್ತಿತ್ತೋ ಏನೋ, ಕರಾವಳಿಯ ನಾಟಕ ಪ್ರೇಕ್ಷಕನಿಗೆ ಹಲವರು ಮನೆಯವರೇ. ನಾಯಕನ ಹೆಸರು ಮುಂದಿಟ್ಟು ದುಡ್ಡು ತರುವುದು ಸುಲಭ. ತನ್ನ ಹೆಸರಿನ ಮೇಲೆ ದುಡ್ಡು ತಂದು ಅದನ್ನು ಬೇರೊಬ್ಬನ ಕೈಗೆ ಕೊಟ್ಟು "ನೀನು ಮಾಡು" ಎನ್ನುವುದು ಸುಲಭವಲ್ಲ. ರಿಷಬ್ ಶೆಟ್ಟಿ ಅವರ ಸಂಸ್ಥೆಯೂ ಇದನ್ನು ಮಾಡಿದೆ. 'ಸ.ಹಿ.ಪ್ರಾ. ಶಾಲೆ ಕಾಸರಗೋಡು' (2018) ಗೆದ್ದ ಮೇಲೆ ನಟೇಶ್ ಹೆಗಡೆ ಅವರ 'ಪೆಡ್ರೊ', ಜೈಶಂಕರ್ ಆರ್ಯರ್ ಅವರ 'ಶಿವಮ್ಮ'ಕ್ಕೆ ಹಣ ಹೂಡಿತು. 'ಶಿವಮ್ಮ' 2022ರಲ್ಲಿ ಬೂಸಾನ್ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆಯಿತು.

ಇನ್ನೂ ಆಗಬೇಕಾದ್ದು ಇದೆ. ನಾನು ಇಲ್ಲಿ ಹೆಸರಿಸಿದ ಕರಾವಳಿಯ ಚಿತ್ರಗಳ ನಿರ್ದೇಶಕರ ಕುರ್ಚಿಯಲ್ಲಿ ಒಬ್ಬ ಹೆಣ್ಣುಮಗಳೂ ಇಲ್ಲ. ತುಳು ರಂಗಭೂಮಿಯಲ್ಲಿ ಹೆಣ್ಣುಮಕ್ಕಳು ನಟಿಸುತ್ತಾರೆ, ಹಾಡುತ್ತಾರೆ, ರಾತ್ರಿಯಿಡೀ ವ್ಯಾನಿನಲ್ಲಿ ತಂಡದ ಜತೆ ಅಲೆಯುತ್ತಾರೆ. 'ಸು ಫ್ರಮ್ ಸೋ' ನಗಿಸುತ್ತ ನಗಿಸುತ್ತ ಕೊನೆಗೆ ಒಂಟಿ ಹೆಣ್ಣಿನ ಮನೆಯ ಬಾಗಿಲಿಗೆ ನಮ್ಮನ್ನು ತಂದು ನಿಲ್ಲಿಸುತ್ತದೆ. ಆ ಬಾಗಿಲಿನ ಒಳಗಿನಿಂದ ಕಥೆ ಹೇಳುವವಳಿಗೆ ಯಾವ ಬ್ಯಾನರ್ ಮೊದಲು ಕರೆ ಮಾಡುತ್ತದೆ ಎಂದು ನಾನು ಕಾಯುತ್ತಿದ್ದೇನೆ.

ಚಿತ್ರದ ಪೂರ್ತಿ ಹೆಸರು 'ಸುಲೋಚನಾ ಫ್ರಮ್ ಸೋಮೇಶ್ವರ'. ಉಳ್ಳಾಲದ ಪಕ್ಕದ, ಕಡಲ ಬಂಡೆಯ ಮೇಲೆ ದೇವಸ್ಥಾನವಿರುವ ಸೋಮೇಶ್ವರ. ಸುಲೋಚನಾ ಆ ಕಥೆಯ ದೆವ್ವ; ದೆವ್ವವನ್ನೂ ಯಾವ ಊರಿನದ್ದೆಂದು ಕೇಳದೆ ಬಿಡದ ಜನ ನಾವು. ಚಿತ್ರ ಮುಗಿದು ಹೆಸರುಗಳು ಮೇಲೇರತೊಡಗಿದಾಗ ಬೇರೆಡೆ ಜನ ಎದ್ದು ಬಾಗಿಲ ಕಡೆ ನಡೆಯುತ್ತಾರೆ. ಇಲ್ಲಿ ಕೆಲವರು ನಿಂತಲ್ಲೇ ನಿಂತು ಓದುತ್ತಾರೆ: ಕಳಸ, ಪಾಣಾಜೆ, ಗಡಿಯಾಚೆ ಮಂಜೇಶ್ವರದ ತೂಮಿನಾಡು. ಹಿಂದಿನ ಸಾಲಿನಲ್ಲಿ ಯಾರೋ ಪಕ್ಕದವನ ತೋಳು ತಿವಿದು, "ನಮ್ಮ ಕಡೆಯವನು ಮಾರಾಯ" ಎನ್ನುತ್ತಾರೆ. ಹೊರಗೆ ಮಳೆ ಇನ್ನೂ ಬಿಟ್ಟಿರುವುದಿಲ್ಲ.